ಹದಿನೇಳರ ಹುಡುಗ, ಚಿಕ್ಕಮ್ಮನ ಸಹಿ

ಹೋದ ಸೆಪ್ಟೆಂಬರಿನಲ್ಲಿ ನನ್ನ ಅಕ್ಕನ ಮಗ ಶಿವಮೊಗ್ಗದಿಂದ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಓದೋಕೆ ಬಂದ. ಪಿಯುಸಿ ಮುಗಿದಿತ್ತು, ಫೌಂಡೇಶನ್ ಕೋರ್ಸಿಗೆ ಸೀಟು ಸಿಕ್ಕಿತ್ತು. 18 ತುಂಬೋಕೆ ಇನ್ನೂ ಐದು ತಿಂಗಳು ಬಾಕಿ.

ಬಂದ ಮೂರನೇ ದಿನ ಮೊಬೈಲ್ ಅಂಗಡಿಗೆ ಹೋದೆವು. ಎರಡು ವರ್ಷದ ಕಂತಿನ ಮೇಲೆ ಫೋನ್ ಬೇಕು ಅಂದ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತೆರೆದಳು. ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು ಬಾಯಲ್ಲೇ ಲೆಕ್ಕ ಹಾಕಿದಳು. ಆಮೇಲೆ ಅದನ್ನು ಮುಚ್ಚಿ ಅವನ ಕಡೆಗೇ ಸರಿಸಿದಳು. ಈಗ ಪ್ರೀಪೇಯ್ಡ್ ಸಿಮ್ ಮಾತ್ರ ಕೊಡಬಹುದು ಎಂದಳು. ಇವನ ಮುಖ ಸಣ್ಣದಾಯಿತು. "ದುಡ್ಡು ನಾವೇ ಕಟ್ತೀವಲ್ಲ ಚಿಕ್ಕಮ್ಮ, ಇವರಿಗೇನು ಕಷ್ಟ?"

ಕಷ್ಟ ಇದೆ. ಇಂಗ್ಲೆಂಡಿನಲ್ಲಿ 18 ತುಂಬದವರು ಮಾಡಿದ ಕರಾರಿನಿಂದ ಸಾಮಾನ್ಯವಾಗಿ ಅವರನ್ನು ಕಟ್ಟಿಹಾಕೋಕೆ ಆಗಲ್ಲ. 1970ಕ್ಕೆ ಮುಂಚೆ ಈ ಗಡಿ 21 ಇತ್ತು. ಪಕ್ಕದ ಸ್ಕಾಟ್ಲೆಂಡಿನ ಕಾನೂನೇ ಬೇರೆ, ಅಲ್ಲಿ 16.

ಹಾಗಂತ ಮಕ್ಕಳು ಏನು ತಗೊಂಡರೂ ದುಡ್ಡು ಕೊಡಬೇಕಿಲ್ಲ ಅಂತಲ್ಲ. ಊಟ, ಬಟ್ಟೆಯಂಥ ಅಗತ್ಯಗಳಿಗೆ ನ್ಯಾಯವಾದ ಬೆಲೆ ಕೊಡಲೇಬೇಕು. ಯಾವುದು ಅಗತ್ಯ? ಇದಕ್ಕೆ 1908ರ ಒಂದು ಕೇಸ್ ಇದೆ, ನ್ಯಾಶ್ ಮತ್ತು ಇನ್‌ಮನ್ ನಡುವಿನದು. ಲಂಡನ್ನಿನಲ್ಲಿ ದುಬಾರಿ ದರ್ಜಿಗಳಿಗೆ ಹೆಸರಾದ ಸ್ಯಾವಿಲ್ ರೋ ಬೀದಿಯ ದರ್ಜಿಯೊಬ್ಬ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಹುಡುಗನಿಗೆ ಸಾಲದ ಮೇಲೆ ಬಟ್ಟೆ ಹೊಲಿದುಕೊಟ್ಟ. ಅದರಲ್ಲಿ ಸೊಗಸಿನ ವೇಸ್ಟ್‌ಕೋಟುಗಳೇ 11! ಹುಡುಗನ ಅಪ್ಪ ಮೊದಲೇ ಬೇಕಾದಷ್ಟು ಬಟ್ಟೆ ಕೊಡಿಸಿದ್ದರು. ದರ್ಜಿ ಸೋತ. ಹುಡುಗ ಅನುಕೂಲಸ್ಥರ ಮನೆಯವನು ಅಂದರೆ ಸಾಲದು, ಆ ಹೊತ್ತಿಗೆ ಅವನಿಗೆ ಅದು ನಿಜವಾಗಿ ಬೇಕಿತ್ತು ಅಂತ ಮಾರಿದವನೇ ತೋರಿಸಬೇಕು.

ನಮ್ಮ ದೇಶದಲ್ಲಿ ಇನ್ನೂ ಬಿಗಿ. ಅಪ್ರಾಪ್ತರ ಕರಾರು ಮೊದಲಿಂದಲೇ ಶೂನ್ಯ. ಕಲ್ಕತ್ತಾದ ಧರ್ಮದಾಸ್ ಘೋಷ್ ಎಂಬ ಹುಡುಗ ಮನೆ ಅಡ ಇಟ್ಟ ಕೇಸಿನಲ್ಲಿ 1903ರಲ್ಲಿ ಹಾಗೆ ತೀರ್ಪಾಯಿತು. ಆ ತೀರ್ಪು ಕೊಟ್ಟಿದ್ದು ಇದೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ನ್ಯಾಯಪೀಠ.

ಫೋನ್ ಬಿಡಿ, ನನ್ನ ನಿದ್ದೆ ಕೆಡಿಸಿದ್ದು ಬಾಡಿಗೆ ಮನೆ. ನಾಲ್ಕು ಹುಡುಗರು ಸೇರಿ ಇರುವ ಮನೆ. ಮಾಲೀಕರು ನನ್ನ ಕೈಗೆ ಜಾಮೀನು ಪತ್ರ ಕೊಟ್ಟರು. ಅಕ್ಕ ಫೋನಿನಲ್ಲಿ, "ಸುಮ್ನೆ ಒಂದು ಸಹಿ ಹಾಕೇ, ಅವನಿಗೆ ಹೇಗೂ ಕಾನೂನಿನ ರಕ್ಷಣೆ ಇದೆಯಲ್ಲ" ಅಂದಳು.

ರಕ್ಷಣೆ ಅವನಿಗೆ, ನನಗಲ್ಲ. ಹುಡುಗ ಚಿಕ್ಕವನು ಅನ್ನೋ ಒಂದೇ ಕಾರಣಕ್ಕೆ ಜಾಮೀನು ನಿಂತವರು ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ 1987ರಲ್ಲೇ ಇಲ್ಲಿ ಕಾನೂನಾಗಿದೆ. ಹದಿನೇಳರ ಮಕ್ಕಳನ್ನು ಕಳಿಸುವವರು ದಯವಿಟ್ಟು ಇದನ್ನು ನೆನಪಿಡಿ. ಇಲ್ಲಿರುವ ನೆಂಟರಿಗೆ ಆ ಕಾಗದ ಕಳಿಸುವ ಮುಂಚೆ ನೀವೂ ಒಮ್ಮೆ ಓದಿ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲು ಓದಿದೆ. ನಾಲ್ಕೂ ಜನರ ಬಾಡಿಗೆಗೆ, ಮನೆಯಲ್ಲಿ ಆಗುವ ಎಲ್ಲಾ ಹಾನಿಗೆ ನಾನೇ ಹೊಣೆ ಅಂತಿತ್ತು. ಗಡುವೂ ಇರಲಿಲ್ಲ. ಇವನ ಪಾಲಿಗೆ, ಒಂದು ವರ್ಷಕ್ಕೆ ಮಾತ್ರ ನಿಲ್ತೀನಿ ಅಂತ ಬರೆದು ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮನೆ ಕೈತಪ್ಪುತ್ತೆ ಅಂತ ಹುಡುಗ ಊಟ ಬಿಟ್ಟು ಕೂತ.

ಮೂರನೇ ದಿನ ಹೊಸ ಕಾಗದ ಬಂತು. ಅದರಲ್ಲಿ ಇವನೊಬ್ಬನ ಕೋಣೆಯ ಬಾಡಿಗೆ ಇತ್ತು, ಮುಗಿಯುವ ತಾರೀಖೂ ಇತ್ತು. ಇಬ್ಬರೂ ಕೂತು ಇನ್ನೊಂದು ಸಲ ಓದಿದೆವು. ಆಮೇಲೆ ಪೆನ್ನು ತಗೊಂಡೆ.