ಚಳಿಗೆ ಮರಗಟ್ಟಿದ ಕಡಲಾಮೆಗೆ ಅವಸರದ ಬಿಸಿ ಬೇಡ

ನವೆಂಬರ್ ಬಂತೆಂದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ತೀರಕ್ಕೆ ಅಲೆಗಳು ಆಮೆಗಳನ್ನು ತಂದು ಹಾಕತೊಡಗುತ್ತವೆ. ಹೆಚ್ಚಿನವು ಊಟದ ತಟ್ಟೆಯಷ್ಟಗಲದ ಕೆಂಪ್ಸ್ ರಿಡ್ಲಿ ಮರಿಗಳು. ಕಡಲಾಮೆಗಳಲ್ಲೆಲ್ಲ ಅಳಿವಿಗೆ ಅತಿ ಹತ್ತಿರವಿರುವ ಜಾತಿ ಇದೇ. ಇವು ಮುಖ್ಯವಾಗಿ ಮೊಟ್ಟೆಯಿಡುವುದು ಮೆಕ್ಸಿಕೋದ ಕರಾವಳಿಯಲ್ಲಿ. ಹಾಗಾಗಿ ಇಲ್ಲಿ ಬದುಕಿಸಿದ ಒಂದೊಂದು ಮರಿಯೂ ಲೆಕ್ಕಕ್ಕೆ ಬರುತ್ತದೆ.

ಇವು ಸಿಕ್ಕಿಬೀಳುವುದು ನೆಲದ ಆಕಾರದಿಂದ. ಕೇಪ್ ಕಾಡ್ ಮಡಚಿದ ತೋಳಿನ ಹಾಗೆ ಕಡಲಿಗೆ ಚಾಚಿಕೊಂಡಿದೆ. ಬೇಸಿಗೆಯಲ್ಲಿ ಏಡಿ ಹುಡುಕುತ್ತ ಆ ತೋಳಿನೊಳಗಿನ ಕೊಲ್ಲಿಗೆ ಬಂದ ಮರಿ, ಚಳಿ ಶುರುವಾದಾಗ ದಕ್ಷಿಣಕ್ಕೆ ಹೊರಟರೆ ಎದುರಿಗೆ ನೆಲ. ಹೊರಬೀಳಬೇಕಾದರೆ ಮೊದಲು ಉತ್ತರಕ್ಕೆ ಈಜಬೇಕು, ಅದಕ್ಕೆ ಆ ದಾರಿ ಹೊಳೆಯುವುದಿಲ್ಲ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮೈ ಮರಗಟ್ಟಿ ಸುಮ್ಮನೆ ತೇಲುತ್ತದೆ. ಆಮೇಲೆ ಅದು ಯಾವ ದಡಕ್ಕೆ ಬೀಳುತ್ತದೆಂಬುದನ್ನು ಗಾಳಿ ತೀರ್ಮಾನಿಸುತ್ತದೆ.

ಆದ್ದರಿಂದ ಸ್ವಯಂಸೇವಕರ ದಿನಚರಿ ಗಡಿಯಾರದ ಮೇಲಲ್ಲ, ಉಬ್ಬರದ ಪಟ್ಟಿಯ ಮೇಲೆ ನಡೆಯುತ್ತದೆ. ದಡವನ್ನು ಪಾಲು ಮಾಡಿಕೊಂಡು, ಉಬ್ಬರ ಇಳಿಯಲು ಶುರುವಾದ ಕೂಡಲೇ ನಡೆಯುತ್ತಾರೆ, ರಾತ್ರಿಯ ಉಬ್ಬರವಾದರೆ ರಾತ್ರಿಯೇ. ಪಶ್ಚಿಮದ ಗಾಳಿ ಜೋರಾಗಿ ಬೀಸಿದ ದಿನ ಯಾರೂ ತಪ್ಪಿಸುವಂತಿಲ್ಲ. ಕಣ್ಣಿಡಬೇಕಾದದ್ದು ಅಲೆ ಬಿಟ್ಟುಹೋದ ಕಡಲಪಾಚಿಯ ಸಾಲಿನ ಮೇಲೆ. ಚಿಪ್ಪಿನ ಮೇಲೆ ಪಾಚಿ ಹತ್ತಿರುವ ರಿಡ್ಲಿ ಮರಿ ಥೇಟ್ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ. ಟಾರ್ಚನ್ನು ಕೆಳಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ಚಿಪ್ಪಿನ ಅಂಚಿನ ನೆರಳು ಅದನ್ನು ಬಿಟ್ಟುಕೊಡುತ್ತದೆ.

ಸಿಕ್ಕ ಮೇಲೆ ಮಾಡಬೇಕಾದದ್ದು ಕಡಿಮೆ. ಚಿಪ್ಪಿನ ಎರಡೂ ಬದಿ ಹಿಡಿದು ಎತ್ತಿ, ಉಬ್ಬರದ ಗೆರೆಯಿಂದ ಮೇಲಕ್ಕೆ ಒಯ್ದು, ಹೊಟ್ಟೆ ಕೆಳಗಾಗಿ ಇಡಿ. ಈಜುರೆಕ್ಕೆ ಹಿಡಿದು ಎಳೆದರೆ ಕೀಲು ತಪ್ಪುತ್ತದೆ. ಒಣಗಿದ ಕಡಲಪಾಚಿಯನ್ನು ಮೈತುಂಬ ಹೊದಿಸಿ, ಒದ್ದೆ ಪಾಚಿ ಬೇಡ. ಚಳಿಗಾಳಿ ತಾಗದಂತೆ ತಡೆಯುವುದಷ್ಟೇ ಅದರ ಕೆಲಸ. ಪಕ್ಕದಲ್ಲಿ ಕೋಲೋ ದಡಕ್ಕೆ ತೇಲಿಬಂದ ಬಲೆಯ ತೇಲುಗುಂಡೋ ಇಟ್ಟು ಗುರುತು ಮಾಡಿ, ರಕ್ಷಣಾ ಸಹಾಯವಾಣಿಗೆ ಕರೆ ಮಾಡಿ. ಅನುಮತಿಯಿಲ್ಲದವರು ಇಷ್ಟಕ್ಕೇ ನಿಲ್ಲಬೇಕು, ಅಲ್ಲಿನ ಕಾನೂನೂ ಅದನ್ನೇ ಹೇಳುತ್ತದೆ. ದೊಡ್ಡ ಲಾಗರ್‌ಹೆಡ್ ಆಮೆಗಳು ಋತುವಿನ ಕೊನೆಗೆ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತವೆ. ಅವನ್ನು ಎತ್ತುವುದು ಒಬ್ಬರ ಕೈಯಲ್ಲಾಗುವ ಮಾತಲ್ಲ, ನಾಲ್ಕಾರು ಜನ ಸೇರಿ ಹಿಮದ ಜಾರುಬಂಡಿಯಲ್ಲಿ ಎಳೆದು ತರುತ್ತಾರೆ.

ಕರುಣೆಯಿಂದಲೇ ಆಗುವ ತಪ್ಪುಗಳು ಎರಡು. ಒಂದು, ಮತ್ತೆ ನೀರಿಗೆ ಬಿಡುವುದು. ನೀರು ಇನ್ನೂ ಅಷ್ಟೇ ತಣ್ಣಗಿದೆ, ಉಸಿರಿಗೆ ತಲೆ ಎತ್ತುವ ತ್ರಾಣ ಆಮೆಗಿಲ್ಲ, ಮುಳುಗಿ ಸಾಯುತ್ತದೆ. ಇನ್ನೊಂದು, ಬೆಚ್ಚಗೆ ಮಾಡುವುದು. ಮರಗಟ್ಟಿದ ಆಮೆಯ ಎದೆಬಡಿತ ನಿಮಿಷಕ್ಕೆ ಒಂದೆರಡಕ್ಕೆ ಇಳಿದಿರಬಹುದು. ಮೈ ದಿಢೀರನೆ ಬಿಸಿಯಾದರೆ ಅಂಗಾಂಗಗಳು ಆಮ್ಲಜನಕ ಕೇಳತೊಡಗುತ್ತವೆ, ಅಷ್ಟನ್ನು ಒದಗಿಸುವ ಶಕ್ತಿ ಆ ಹೃದಯಕ್ಕೂ ಶ್ವಾಸಕೋಶಕ್ಕೂ ಇನ್ನೂ ಬಂದಿರುವುದಿಲ್ಲ. ರಕ್ತದಲ್ಲಿ ಆಮ್ಲ ಏರುತ್ತದೆ, ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಆಮೆ ಸಾಗಿಸುವ ಕಾರಿನಲ್ಲಿ ಹೀಟರ್ ಹಾಕುವುದಿಲ್ಲ. ಓಡಿಸುವವರು ಕೋಟು ಟೋಪಿ ಹಾಕಿಕೊಂಡು ನಡುಗುತ್ತಲೇ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳು, ಒಳಗೆ ಟವೆಲ್ಲು, ಪೆಟ್ಟಿಗೆಗೊಂದು ಮರಿ. ರಿಡ್ಲಿ ಮರಿಗೆ ಈ ಪೆಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ, ಗಾಳಿಯಾಡಲು ತೂತುಗಳೂ ಇರುತ್ತವೆ.

ಆಸ್ಪತ್ರೆಯಲ್ಲೂ ಇದೇ ನಿಧಾನ. ಸುಮಾರು 13 ಡಿಗ್ರಿಯ ಕೋಣೆಯಿಂದ ಶುರು ಮಾಡಿ ದಿನಕ್ಕೆ 3 ಡಿಗ್ರಿಯಂತೆ ಏರಿಸುತ್ತ 24ರ ಆಸುಪಾಸಿಗೆ ತರುತ್ತಾರೆ. ನಡುವೆ ರಕ್ತಪರೀಕ್ಷೆ, ಎಕ್ಸ್‌ರೇ, ಕೆಲವೇ ನಿಮಿಷಗಳ ಈಜು, ಅದೂ ಪಕ್ಕದಲ್ಲಿ ಒಬ್ಬರು ನಿಂತಿರುವಾಗ. ನ್ಯುಮೋನಿಯಾ ಸಾಮಾನ್ಯ. ಹೀಗಾಗಿ ಎಷ್ಟೋ ಮರಿಗಳು ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಜಾಗ ಸಾಲದಾಗ ಸ್ವಯಂಸೇವಕ ಪೈಲಟ್‌ಗಳು ಸಣ್ಣ ವಿಮಾನಗಳಲ್ಲಿ ದಕ್ಷಿಣದ ಕೇಂದ್ರಗಳಿಗೆ ಒಯ್ಯುತ್ತಾರೆ.

2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ 12,000ಕ್ಕೂ ಹೆಚ್ಚು ಆಮೆಗಳು, ಬಹುಪಾಲು ಹಸಿರಾಮೆಗಳು, ಒಟ್ಟಿಗೇ ಮರಗಟ್ಟಿದವು. ಸೌತ್ ಪ್ಯಾಡ್ರೆ ದ್ವೀಪದ ಸಭಾಂಗಣದ ನೆಲದ ತುಂಬ ಅವನ್ನು ಸಾಲಾಗಿ ಮಲಗಿಸಬೇಕಾಯಿತು. ಆದರೆ ಅಲ್ಲಿ ಚಳಿ ಹಠಾತ್ತನೆ ಬಡಿದು ಬೇಗ ಸರಿದುಹೋದದ್ದರಿಂದ ಬದುಕುಳಿದ ಅನೇಕ ಆಮೆಗಳನ್ನು ಕೆಲವೇ ದಿನಗಳಲ್ಲಿ ಕಡಲಿಗೆ ಬಿಡಲು ಸಾಧ್ಯವಾಯಿತು. ಕೇಪ್ ಕಾಡ್‌ನ ಮರಿಗಳು ವಾರಗಟ್ಟಲೆ ತಣ್ಣೀರಿನಲ್ಲಿ ಹಸಿದು ಬಂದವು. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು.

ಕಣ್ಣು ಗುಳಿಬಿದ್ದು, ಮುಟ್ಟಿದರೂ ಮಿಸುಕದ ಆಮೆಯನ್ನು ಕಂಡು ಸತ್ತಿದೆ ಎಂದುಕೊಂಡು ಮುಂದೆ ನಡೆಯಬೇಡಿ. ಅದನ್ನೂ ಪಾಚಿ ಹೊದಿಸಿ, ಗುರುತು ನೆಟ್ಟು, ಕರೆ ಮಾಡಿ. ಸತ್ತಂತೆ ಪೆಟ್ಟಿಗೆಯಲ್ಲಿ ಬಿದ್ದಿದ್ದು, ಮೈ ಕಾವೇರಿದ ಮೇಲೆ ಈಜುರೆಕ್ಕೆ ಅಲ್ಲಾಡಿಸಿದ ಆಮೆಗಳಿವೆ.