ಎಣಿಕೆಗೆ ಸಿಗದ ಎಚ್ಚರ

ಕಳೆದ ತಿಂಗಳು ಅಮ್ಮನಿಗೆ ಜ್ವರ ಬಂದಾಗ ಮಾಡಿಸಿದ ರಕ್ತಪರೀಕ್ಷೆಯ ವರದಿ ಇನ್ನೂ ನನ್ನ ಮೇಜಿನ ಮೇಲಿದೆ. ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆಯ ಕೆಳಗೆ ಅವುಗಳಲ್ಲೇ ಒಂದು ಬಗೆಯಾದ ‘ನ್ಯೂಟ್ರೋಫಿಲ್ಸ್’ ಎಂಬ ಸಾಲು, ಅದರ ಎದುರಿಗೆ ಶೇ. 68 ಎಂಬ ಅಂಕಿ. “ಎಲ್ಲ ಸರಿ ಇದೆಯೇನೋ?” ಎಂದು ಅಮ್ಮ ಕೇಳಿದಾಗ ಸರಿ ಇದೆ ಎಂದೆ. ಆದರೆ ಆ ಅಂಕಿ ಹೇಳುವುದು ಕಣಗಳು ಎಷ್ಟಿವೆ ಎಂಬುದನ್ನು ಮಾತ್ರ. ರೋಗಾಣು ಎದುರಾದಾಗ ಅವು ಎಷ್ಟು ಚುರುಕಾಗಿ ಅದನ್ನು ಕೊಲ್ಲಬಲ್ಲವು ಎಂಬುದು ವರದಿಯಲ್ಲಿ ಇರುವುದಿಲ್ಲ.

ಈ ಚುರುಕಿಗೂ ಕರುಳಿಗೂ ಇರುವ ನಂಟನ್ನು ವಿಜ್ಞಾನಿಗಳಾದ ಜೆಫ್ರಿ ವೈಸರ್ ಮತ್ತು ಥಾಮಸ್ ಕ್ಲಾರ್ಕ್ ಅವರ ತಂಡ 2010ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟಿತು. ನ್ಯೂಟ್ರೋಫಿಲ್‌ಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಕರುಳಿನಿಂದ ಬಹು ದೂರದಲ್ಲಿ. ಆದರೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದಾಗ, ಮಜ್ಜೆಯಿಂದ ತೆಗೆದ ನ್ಯೂಟ್ರೋಫಿಲ್‌ಗಳು ನ್ಯುಮೋನಿಯಾ ತರುವ ನ್ಯುಮೋಕಾಕಸ್ ಮತ್ತು ಕೀವುಹುಣ್ಣಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಔರಿಯಸ್ ಎರಡನ್ನೂ ಕೊಲ್ಲುವುದರಲ್ಲಿ ಹಿಂದೆ ಬಿದ್ದವು. ಇದರ ಕಾರಣವೇ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು: ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಕಟ್ಟಿರುವ ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನ ತುಣುಕುಗಳು ಕರುಳಿನಿಂದ ಹೊರಟು, ರಕ್ತದೊಡನೆ ಸಾಗಿ, ಮಜ್ಜೆಯಲ್ಲಿರುವ ನ್ಯೂಟ್ರೋಫಿಲ್‌ಗಳನ್ನು ತಲುಪುತ್ತವೆ, ಅಲ್ಲಿ ನಾಡ್-1 ಎಂಬ ಗ್ರಾಹಕ ಪ್ರೋಟೀನು (ರಿಸೆಪ್ಟರ್) ಅವುಗಳನ್ನು ಗುರುತಿಸುತ್ತದೆ, ಮತ್ತು ಸೋಂಕು ಇನ್ನೂ ಬಾರದಿರುವಾಗಲೇ ಕಣಗಳು ಸನ್ನದ್ಧವಾಗುತ್ತವೆ. ಬ್ಯಾಕ್ಟೀರಿಯಾ ಕಳೆದುಕೊಂಡ ಇಲಿಗಳಿಗೆ ನಾಡ್-1 ಗುರುತಿಸಬಲ್ಲ ತುಣುಕನ್ನಷ್ಟೇ ಕೊಟ್ಟರೂ ಸಾಕಾಯಿತು, ಕಣಗಳ ಕೊಲ್ಲುವ ಶಕ್ತಿ ಮರಳಿತು. ಇನ್ನು ನಾಡ್-1 ಇಲ್ಲದ ಇಲಿಗಳು ನ್ಯುಮೋಕಾಕಸ್ ಸೋಂಕಿನ ಆರಂಭದಲ್ಲೇ ಬೇಗ ಸೋತವು.

ಇದನ್ನು ಕೇಳಿದ ಅಮ್ಮ “ಹಾಗಾದರೆ ಮೊಸರು ಹೆಚ್ಚು ತಿನ್ನಲೇನೋ?” ಎಂದರು. ಮೊಸರು ಒಳ್ಳೆಯದೇ. ಆದರೆ ನಾಡ್-1 ಗುರುತಿಸುವ ತುಣುಕು ಮುಖ್ಯವಾಗಿ ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಲ್ಲಿರುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವವು ಕೋಶಭಿತ್ತಿಯ ರಚನೆಯಲ್ಲಿ ಅದಕ್ಕಿಂತ ಭಿನ್ನವಾದ ಗ್ರಾಂ ಪಾಸಿಟಿವ್ ಗುಂಪಿನವು. ಆದ್ದರಿಂದ ಈ ಪ್ರಯೋಗವನ್ನು ಮುಂದಿಟ್ಟುಕೊಂಡು ಮೊಸರಿನ ಬಟ್ಟಲಿಗೆ ಈ ಕೆಲಸವನ್ನು ಹೊರಿಸುವುದು ನ್ಯಾಯವಲ್ಲವೆಂದು ಅವರಿಗೆ ವಿವರಿಸಿದೆ.

ನನ್ನ ಚಿಂತೆ ಇರುವುದು ರೋಗಾಣುಗಳೊಡನೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಆ್ಯಂಟಿಬಯೋಟಿಕ್‌ಗಳ ವಿಷಯದಲ್ಲಿ. ಅಮ್ಮನಿಗೆ ಅವು ಬೇಕಿತ್ತು, ವೈದ್ಯರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಂಡರು. ಆದರೆ ವೈರಸ್‌ನಿಂದ ಬಂದ ನೆಗಡಿಗೂ ಅದೇ ಮಾತ್ರೆಯ ಹೆಸರು ಹೇಳಿ ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಪಡೆದ ತಾಯಿ ಇಲಿಗಳ ಮರಿಗಳಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆಯೇ ಕುಸಿದಿತ್ತು, ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ರಕ್ತಕ್ಕೇರಿದಾಗ ಅವು ಹೆಚ್ಚಾಗಿ ಸತ್ತವು. ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಆ ಮರಿಗಳಿಗೆ ಕೊಟ್ಟಾಗ ನ್ಯೂಟ್ರೋಫಿಲ್‌ಗಳು ಮತ್ತೆ ಹೆಚ್ಚಿದವು, ಸೋಂಕನ್ನು ತಡೆಯುವ ಶಕ್ತಿಯೂ ಮರಳಿತು.