ಉಗ್ರರ ಪಟ್ಟಿ, ಬರಗಾಲದ ದುಡ್ಡು: ನೈರೋಬಿ ಕಚೇರಿಯಲ್ಲಿ ಕಲಿತದ್ದು

ನೆರವಿನ ದುಡ್ಡು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಜೊತೆಗೆ ದಪ್ಪನೆಯ ಒಪ್ಪಂದವೂ ಹೋಗುತ್ತದೆ. ಅದರ ಹಿಂದಿನ ಪುಟಗಳಲ್ಲಿ ಎಲ್ಲೋ ಒಂದು ಪ್ಯಾರಾ ಇರುತ್ತದೆ. ಈ ದುಡ್ಡಿನಲ್ಲಿ ಒಂದು ಪೈಸೆಯೂ, ನೇರವಾಗಿ ಆಗಲಿ ಸುತ್ತಿ ಬಳಸಿ ಆಗಲಿ, ನಿಷೇಧಿತ ಉಗ್ರ ಸಂಘಟನೆಗೆ ಸೇರಬಾರದು, ಸೇರಿದರೆ ಸಹಿ ಹಾಕಿದವರೇ ಹೊಣೆ ಅಂತ. ಯಾರೂ ಬೇಡ ಅನ್ನುವ ಮಾತಲ್ಲ ಇದು. ಆದರೆ ನನ್ನ ಕೆಲಸದ ಮುಕ್ಕಾಲು ತಲೆನೋವು ಬರುವುದು ಆ ಒಂದು ಪ್ಯಾರಾದಿಂದಲೇ.

ಬೆಂಗಳೂರಿನಲ್ಲಿ ಎನ್‌ಜಿಓಗಳ ವಿದೇಶಿ ದೇಣಿಗೆಯ ಲೆಕ್ಕ ನೋಡಿಕೊಂಡಿದ್ದೆ. ಅಲ್ಲಿಂದ ನೈರೋಬಿಗೆ ಬಂದು ಒಂದು ಅಂತಾರಾಷ್ಟ್ರೀಯ ನೆರವು ಸಂಸ್ಥೆ ಸೇರಿಕೊಂಡೆ. ಕೆಲಸ ಗ್ರಾಂಟ್ ಮತ್ತು ಕಂಪ್ಲಯನ್ಸ್, ಅಂದರೆ ದಾನಿಗಳ ದುಡ್ಡು ಅವರ ನಿಯಮದ ಪ್ರಕಾರವೇ ಖರ್ಚಾಗುವಂತೆ ನೋಡಿಕೊಳ್ಳುವುದು. ಸೊಮಾಲಿಯಾದ ಕೆಲಸ ಮಾಡುವ ಬಹಳಷ್ಟು ಸಂಸ್ಥೆಗಳು ನೈರೋಬಿಯಲ್ಲೇ ಕೂತು ಕೆಲಸ ಮಾಡುತ್ತವೆ. ರಾಯಭಾರ ಕಚೇರಿಗಳೂ ಇಲ್ಲೇ, ದಾನಿ ದೇಶಗಳ ಸೊಮಾಲಿಯಾ ವಿಭಾಗಗಳೂ ಇಲ್ಲೇ. ಹಾಗಾಗಿ ಭಯೋತ್ಪಾದನೆ ನಿಗ್ರಹ, ರಾಜತಾಂತ್ರಿಕತೆ, ಹಸಿದವರಿಗೆ ಅನ್ನ, ಮೂರೂ ಒಂದೇ ಮೀಟಿಂಗ್‌ನಲ್ಲಿ ಎದುರಾಗುತ್ತವೆ. ಪತ್ರಿಕೆಯಲ್ಲಿ ಓದುವಾಗ ಮೂರೂ ಬೇರೆ ಬೇರೆ ಪುಟದ ಸುದ್ದಿ, ಅಲ್ವಾ?

ಹೊಸಬರು ಸೇರಿದಾಗ ನಾನು ಮೊದಲು ಹೇಳುವುದು ಸೊಮಾಲಿಯಾದ 2011ರ ಕ್ಷಾಮದ ಕಥೆ. ನಾನು ಇಲ್ಲಿಗೆ ಬರುವ ಮುಂಚಿನದು, ಆದರೆ ಈ ಕಚೇರಿಗಳ ಪ್ರತಿಯೊಂದು ನಿಯಮದ ಹಿಂದೆಯೂ ಅದು ಕೂತಿದೆ. ಸೊಮಾಲಿಯಾದಲ್ಲಿ ಸರ್ಕಾರದ ವಿರುದ್ಧ ಬಂದೂಕು ಹಿಡಿದಿರುವ ಅಲ್-ಶಬಾಬ್ ಅನ್ನು ಅಮೆರಿಕ ಉಗ್ರ ಸಂಘಟನೆ ಅಂತ ಘೋಷಿಸಿದ್ದು 2008ರಲ್ಲಿ. ಅಲ್ಲಿನ ಕಾನೂನಿನ ಪ್ರಕಾರ ಅಂಥ ಸಂಘಟನೆಗೆ ಯಾವ ರೀತಿಯ ಸಹಾಯ ಮಾಡಿದರೂ ಅಪರಾಧ. ಎಷ್ಟರ ಮಟ್ಟಿಗೆ ಅಂದರೆ, 2010ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಲ್‌ಟಿಟಿಇ ಮತ್ತು ಟರ್ಕಿಯ ಕುರ್ದಿಷ್ ಬಂಡುಕೋರ ಸಂಘಟನೆ ಪಿಕೆಕೆಗೆ ಸಂಬಂಧಪಟ್ಟ ಒಂದು ಕೇಸಿನಲ್ಲಿ, ಜಗಳವನ್ನು ಶಾಂತಿಯಿಂದ ಬಗೆಹರಿಸುವುದು ಹೇಗೆ ಅಂತ ಪಾಠ ಹೇಳಿಕೊಟ್ಟರೂ ಅದು ಸಹಾಯವೇ ಅಂತ ತೀರ್ಪು ಕೊಟ್ಟಿತು. ಇತ್ತ ದಕ್ಷಿಣ ಸೊಮಾಲಿಯಾದ ದೊಡ್ಡ ಭಾಗ ಅಲ್-ಶಬಾಬ್ ಕೈಯಲ್ಲಿತ್ತು. ರಸ್ತೆಯಲ್ಲಿ ಚೆಕ್‌ಪೋಸ್ಟ್ ಅವರದು, ತೆರಿಗೆ ಅವರದು. ಅನ್ನದ ಲಾರಿ ಹೋಗಬೇಕಾದರೆ ಅವರ ಮುಂದೆಯೇ ಹೋಗಬೇಕು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಈ ಇಕ್ಕಟ್ಟು ಗೊತ್ತಿರಲಿಲ್ಲ ಅಂತಲ್ಲ. 2010ರ ಮಾರ್ಚ್‌ನಲ್ಲೇ 1916ನೇ ನಿರ್ಣಯ ಮಾಡಿ ಸೊಮಾಲಿಯಾದ ಮಾನವೀಯ ನೆರವಿಗೆ ವಿಶ್ವಸಂಸ್ಥೆಯ ನಿರ್ಬಂಧದಿಂದ ವಿನಾಯಿತಿ ಕೊಟ್ಟಿತು. ಆದರೆ ಅಮೆರಿಕದ ದೇಶೀಯ ಕಾನೂನು ಹಾಗೇ ಇತ್ತು. ಅತಿ ದೊಡ್ಡ ದಾನಿಯೇ ಕೈ ಹಿಂದೆಗೆದಾಗ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆ ಕೊಟ್ಟ ವಿನಾಯಿತಿ ಏನು ಮಾಡೀತು? ಅಲ್-ಶಬಾಬ್ ಕಡೆಯಿಂದಲೂ ಕಾಟ ಇತ್ತು. ವಿಶ್ವ ಆಹಾರ ಕಾರ್ಯಕ್ರಮವು ಬೆದರಿಕೆ, ವಸೂಲಿ ತಡೆಯಲಾರದೆ 2010ರ ಜನವರಿಯಲ್ಲಿ ದಕ್ಷಿಣದ ಕೆಲಸ ನಿಲ್ಲಿಸಿತು. ಆಮೇಲೆ ಅಲ್-ಶಬಾಬೇ ಅದನ್ನು ನಿಷೇಧಿಸಿತು. ಮಳೆ ಕೈಕೊಟ್ಟಿತು. 2011ರ ಜುಲೈ 20ರಂದು ವಿಶ್ವಸಂಸ್ಥೆ ಕ್ಷಾಮ ಘೋಷಿಸಿತು. ಅಮೆರಿಕ ನಿಯಮ ಸಡಿಲಿಸಿದ್ದು ಅದಾದ ಮೇಲೆ, ಆಗಸ್ಟ್‌ನಲ್ಲಿ. ಆ ಕ್ಷಾಮದಲ್ಲಿ ಸುಮಾರು 2,58,000 ಜನ ಸತ್ತರು ಅಂತ 2013ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.

ಎಲ್ಲವೂ ಕಾನೂನಿನಿಂದಲೇ ಆಯಿತು ಅಂತ ನಾನು ಹೇಳಲ್ಲ. ಬಂದೂಕು ಹಿಡಿದು ಅನ್ನ ತಡೆದವರದೇ ದೊಡ್ಡ ಪಾಲು, ಅವರು 2011ರ ನವೆಂಬರ್‌ನಲ್ಲಿ, ಕ್ಷಾಮದ ನಡುವೆಯೇ, ಇನ್ನೂ 16 ನೆರವು ಸಂಸ್ಥೆಗಳನ್ನು ಹೊರಹಾಕಿದರು. ಆದರೆ ನಮ್ಮ ಕೈಯಲ್ಲಿ ಇರುವುದು ನಮ್ಮ ಕಡೆಯ ಕಾಗದ ಮಾತ್ರ. 1916ನೇ ನಿರ್ಣಯ ಆದಮೇಲೂ ಆ ಕಾಗದ ಸರಿಯಾಗಲು ಹದಿನೇಳು ತಿಂಗಳು ಯಾಕೆ ಬೇಕಾಯಿತು ಅನ್ನುವುದು ನನ್ನಂಥವರು ಕೇಳಲೇಬೇಕಾದ ಪ್ರಶ್ನೆ.

ಅದೇ 2011ರ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು. ಆಗ ಪ್ರಧಾನಿಯಾಗಿದ್ದ ಟರ್ಕಿಯ ಎರ್ಡೊಗಾನ್ ಕುಟುಂಬ ಸಮೇತ ಸೊಮಾಲಿಯಾದ ರಾಜಧಾನಿ ಮೊಗಾದಿಶುಗೆ ಬಂದಿಳಿದರು. ಉಳಿದವರೆಲ್ಲ ನೈರೋಬಿಯಲ್ಲಿ ಕೂತು ಸೊಮಾಲಿಯಾದ ಬಗ್ಗೆ ಮಾತಾಡುತ್ತಿದ್ದ ಕಾಲ ಅದು. ಟರ್ಕಿ ಅಲ್ಲೇ ರಾಯಭಾರ ಕಚೇರಿ ತೆರೆಯಿತು, ಮರುವರ್ಷ ಟರ್ಕಿಷ್ ಏರ್‌ಲೈನ್ಸ್ ವಿಮಾನ ಶುರುವಾಯಿತು, 2017ರಲ್ಲಿ ಸೊಮಾಲಿ ಸೈನಿಕರಿಗೆ ತರಬೇತಿ ಕೊಡುವ ದೊಡ್ಡ ಶಿಬಿರವೂ ಬಂತು. ಮೊದಲು ಆಸ್ಪತ್ರೆ, ರಸ್ತೆ, ಆಮೇಲೆ ಸೈನ್ಯ. ಟರ್ಕಿಗೆ ಅದರದೇ ಲೆಕ್ಕಾಚಾರ ಇಲ್ಲದೆ ಇಲ್ಲ, ಯಾವ ದೇಶಕ್ಕೆ ಇರಲ್ಲ ಹೇಳಿ. ಆದರೆ ಇವತ್ತು ಮೊಗಾದಿಶುವಿನ ಸರ್ಕಾರದ ಜೊತೆ ಮಾತಾಡುವಾಗ ಟರ್ಕಿಯವರಿಗೆ ಸಿಗುವ ಕಿವಿ ಹೆಚ್ಚು ದುಡ್ಡು ಕೊಟ್ಟ ಎಷ್ಟೋ ದೇಶಗಳಿಗೆ ಸಿಗಲ್ಲ.

ಇನ್ನು ನನ್ನ ಮೇಜಿಗೆ ಬರೋಣ. ದಾನಿ ದೇಶ ನಮಗೆ ದುಡ್ಡು ಕೊಡುತ್ತದೆ, ನಾವು ಆ ಪ್ಯಾರಾಕ್ಕೆ ಸಹಿ ಹಾಕುತ್ತೇವೆ. ನಾವು ದಕ್ಷಿಣ ಸೊಮಾಲಿಯಾದ ಬೈಡೋವಾ ಊರಿನ ಒಂದು ಸಣ್ಣ ಸ್ಥಳೀಯ ಸಂಸ್ಥೆಗೆ ಕೊಡುತ್ತೇವೆ, ಅವರಿಂದ ಅದೇ ಪ್ಯಾರಾಕ್ಕೆ ಸಹಿ ಹಾಕಿಸುತ್ತೇವೆ. ಅವರು ಲಾರಿ ಗುತ್ತಿಗೆದಾರನಿಂದ ಹಾಕಿಸುತ್ತಾರೆ. ಬೈಡೋವಾ ಊರು ಸರ್ಕಾರದ ಕೈಯಲ್ಲಿದೆ, ಸುತ್ತಲಿನ ಹಳ್ಳಿಗಾಡಿನಲ್ಲಿ ಅಲ್-ಶಬಾಬ್. ಮೊಗಾದಿಶುವಿನಿಂದ ರಸ್ತೆಯಲ್ಲಿ ಸಾಮಾನು ಬರಬೇಕಾದರೆ ಅವರ ಚೆಕ್‌ಪೋಸ್ಟ್ ದಾಟಬೇಕು, ಅಲ್ಲಿ ಲಾರಿಗೆ ಇಷ್ಟು ಅಂತ ತೆಗೆದುಕೊಂಡು ರಸೀದಿಯನ್ನೂ ಕೊಡುತ್ತಾರೆ. ಹೌದು, ರಸೀದಿ. ವಿಶ್ವಸಂಸ್ಥೆಯ ತಜ್ಞರ ವರದಿಗಳಲ್ಲೇ ಈ ವಸೂಲಿ ವ್ಯವಸ್ಥೆಯ ವಿವರ ಇದೆ. ನಮ್ಮ ಕಡತಕ್ಕೆ ಬರುವಾಗ ಅದು 'ಸಾರಿಗೆ ವೆಚ್ಚ' ಆಗಿರುತ್ತದೆ. ಗುತ್ತಿಗೆದಾರನ ದರ ಯಾಕೆ ಜಾಸ್ತಿ ಅಂತ ಯಾರೂ ಕೇಳಲ್ಲ, ಕೇಳಿದರೆ ಉತ್ತರ ಬರುತ್ತದಲ್ಲ ಅನ್ನುವ ಭಯ.

ಆ ಸ್ಥಳೀಯ ಸಂಸ್ಥೆಯ ಮುಖ್ಯಸ್ಥೆ ಒಮ್ಮೆ ಫೋನಿನಲ್ಲಿ ನೇರವಾಗಿ ಕೇಳಿದರು: "ಡ್ರೈವರ್ ದಾರಿಯಲ್ಲಿ ಏನು ಕೊಟ್ಟ ಅನ್ನೋದಕ್ಕೆ ನಾನು ಹೊಣೆ ಅಂತ ಬರೆದಿದ್ದೀರಿ. ಕೊಡಬೇಡ ಅಂದ್ರೆ ಅವನನ್ನು ಅಲ್ಲೇ ಕೂರಿಸ್ಕೋತಾರೆ. ನೀವು ನನ್ನ ಜಾಗದಲ್ಲಿದ್ರೆ ಸಹಿ ಹಾಕ್ತಿದ್ರಾ?" ಅವರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಈಗಲೇ ಹಾಕಬೇಡಿ, ಸ್ವಲ್ಪ ತಡೆಯಿರಿ.

ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ. ಅಪಾಯ ಯಾವಾಗಲೂ ಕೆಳಕ್ಕೆ ಜಾರುತ್ತದೆ. ರಾಜಧಾನಿಯಲ್ಲಿ ಕಾನೂನು ಬರೆದವರಿಂದ ನೈರೋಬಿಗೆ, ನೈರೋಬಿಯಿಂದ ಬೈಡೋವಾಗೆ, ಅಲ್ಲಿಂದ ಡ್ರೈವರ್‌ಗೆ. ಎಲ್ಲರ ಕಡತವೂ ಶುದ್ಧ, ವಕೀಲರಿಲ್ಲದವನ ತಲೆ ಮೇಲೆ ಹೊರೆ. ಅದನ್ನು ಮೇಲಕ್ಕೆ ತಿರುಗಿ ಕಳಿಸಲು ನನಗೆ ಗೊತ್ತಿರುವ ದಾರಿ ಒಂದೇ, ಸಹಿಗೆ ಮುಂಚೆ ಲಿಖಿತದಲ್ಲಿ ಪ್ರಶ್ನೆ ಕೇಳುವುದು. ಗುತ್ತಿಗೆದಾರ ಚೆಕ್‌ಪೋಸ್ಟ್‌ನಲ್ಲಿ ಕೊಟ್ಟದ್ದು ನಮಗೆ ತಿಳಿದು ನಾವೇ ವರದಿ ಮಾಡಿದರೆ ನಿಮ್ಮ ಸರ್ಕಾರ ಏನು ಮಾಡುತ್ತದೆ? ಆ ಖರ್ಚನ್ನು ವಾಪಸ್ ಕೇಳುತ್ತೀರಾ? ಸ್ಥಳೀಯ ಸಂಸ್ಥೆಯಿಂದ ಕೇಳುತ್ತೀರಾ, ನಮ್ಮಿಂದ ಕೇಳುತ್ತೀರಾ?

ದಾನಿ ದೇಶದ ಅಧಿಕಾರಿಗಳು ಒಳ್ಳೆಯವರೇ. ಕಾಫಿ ಕುಡಿಯುತ್ತಾ "ನಮಗೆ ಅರ್ಥ ಆಗತ್ತೆ, ಅಷ್ಟು ತಲೆ ಕೆಡಿಸ್ಕೋಬೇಡಿ" ಅನ್ನುತ್ತಾರೆ. ಬರೆದು ಕೊಡಿ ಅಂದರೆ ಮುಖ ಬದಲಾಗುತ್ತದೆ. ಅವರ ಮೇಲೆ ವಕೀಲರಿದ್ದಾರೆ, ಸಂಸತ್ತು ಇದೆ, ನಾಳೆ ಒಂದು ಪತ್ರಿಕೆ ವರದಿ ಬಂದರೆ ಅವರ ಮಂತ್ರಿಯೇ ಉತ್ತರ ಹೇಳಬೇಕು. ಹಾಗಾಗಿ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಪಳಗಿದವರಿಗೆ ಗೊತ್ತಿರುವ ಉಪಾಯ ಹಿಡಿದೆ. ಮೀಟಿಂಗ್ ಮುಗಿದ ಸಂಜೆಯೇ ಒಂದು ಮೇಲ್: "ಇವತ್ತಿನ ಮಾತಿನಿಂದ ನಾವು ಹೀಗೆ ತಿಳಿದುಕೊಂಡಿದ್ದೇವೆ, ತಪ್ಪಿದ್ದರೆ ಇಂಥ ದಿನದೊಳಗೆ ತಿಳಿಸಿ." ಕೆಲವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಕೆಲವರು ಸುಮ್ನೆ ಇರುತ್ತಾರೆ, ಆ ಮೌನವನ್ನೂ ಫೈಲಿಗೆ ಹಾಕಬಹುದು. ಒಬ್ಬ ಅಧಿಕಾರಿ ಮಾತ್ರ ತಮ್ಮ ರಾಜಧಾನಿಯ ವಕೀಲರ ಜೊತೆ ತಿಂಗಳುಗಟ್ಟಲೆ ಜಗ್ಗಾಡಿ ಒಂದು ಪುಟದ ಪತ್ರ ತಂದುಕೊಟ್ಟರು: ಪ್ರಾಮಾಣಿಕವಾಗಿ ಎಚ್ಚರ ವಹಿಸಿ, ಆದದ್ದನ್ನು ಬೇಗ ತಿಳಿಸಿದರೆ ನಷ್ಟವನ್ನು ಸ್ಥಳೀಯ ಸಂಸ್ಥೆಯಿಂದ ವಸೂಲು ಮಾಡಲ್ಲ ಅಂತ. ನನ್ನ ಪ್ರಕಾರ ರಾಜತಾಂತ್ರಿಕತೆ ಅಂದರೆ ಅದು. ಬೈಡೋವಾದಲ್ಲಿ ಸಹಿ ಬಿದ್ದದ್ದು ಆ ಪತ್ರ ಬಂದ ಮೇಲೆ.

ಪಟ್ಟಿ ತಾಳೆ ನೋಡುವ ಕೆಲಸದ ಬಗ್ಗೆಯೂ ಎರಡು ಮಾತು. ಸಿಬ್ಬಂದಿ, ಗುತ್ತಿಗೆದಾರರು, ಕಮಿಟಿ ಸದಸ್ಯರು, ಎಲ್ಲರ ಹೆಸರನ್ನೂ ಸಾಫ್ಟ್‌ವೇರ್‌ಗೆ ಹಾಕಿ ನಿರ್ಬಂಧ ಪಟ್ಟಿಯಲ್ಲಿ ಇದ್ದಾರಾ ನೋಡಬೇಕು. ಸೊಮಾಲಿ ಹೆಸರು ಅಂದರೆ ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಮೊಹಮದ್, ಅಲಿ, ಅಬ್ದಿ, ಹಸನ್ ಇವನ್ನೇ ಹೇಗೆ ತಿರುಗಿಸಿದರೂ ಯಾರಾದರೂ ಉಗ್ರನಿಗೆ ಹೊಂದುತ್ತದೆ. ಹುಟ್ಟಿದ ದಿನ ನೋಡೋಣ ಅಂದರೆ ಬಹಳ ಜನರಿಗೆ ಜನವರಿ 1. ನಮ್ಮ ಕಡೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಅರ್ಧ ಊರಿಗೆ ಜೂನ್ 1 ಬರೆದ ಹಾಗೆ. ದೂರದ ಯಾವುದೋ ಆಫೀಸಿನಲ್ಲಿ ಕೂತವರಿಗೆ ಇದು ಅನುಮಾನಾಸ್ಪದ, ನನಗೆ ನಗು. ಹೆಸರು ತಾಳೆಯಾದರೆ ಮೊದಲು ಊರಿನ ಹಿರಿಯರನ್ನು, ಅಡ್ಡಹೆಸರನ್ನು ಕೇಳಿ ಅಂತ ನಮ್ಮ ತಂಡಕ್ಕೆ ಹೇಳಿದ್ದೇನೆ. ಸೊಮಾಲಿಗಳಲ್ಲಿ ನಿಜವಾದ ಗುರುತು ಅಡ್ಡಹೆಸರೇ.

ಬ್ಯಾಂಕಿನದು ಇನ್ನೊಂದು ಕಥೆ. 2001ರ ನವೆಂಬರ್‌ನಲ್ಲಿ ಅಮೆರಿಕ ಅಲ್-ಬರಕಾತ್ ಅನ್ನು ಮುಚ್ಚಿಸಿತು, ಸೊಮಾಲಿಗಳ ಅತಿ ದೊಡ್ಡ ಹಣ ರವಾನೆ ಕಂಪನಿ ಅದು. ಆರೋಪಕ್ಕೆ ತಕ್ಕ ಸಾಕ್ಷಿ ಸಿಗಲಿಲ್ಲ ಅಂತ ಆಮೇಲೆ 9/11 ಆಯೋಗದ ಸಿಬ್ಬಂದಿಯೇ ಬರೆದರು. 2013ರಲ್ಲಿ ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್ ಇಂಥ ಕಂಪನಿಗಳ ಖಾತೆ ಮುಚ್ಚಲು ಹೊರಟಾಗ ಅವುಗಳಲ್ಲಿ ಒಂದಾದ ದಹಾಬ್‌ಶೀಲ್ ಕೋರ್ಟಿಗೆ ಹೋಗಿ ತಡೆ ತರಬೇಕಾಯಿತು. 2015ರಲ್ಲಿ ಕೀನ್ಯಾದ ಗಾರಿಸ್ಸಾ ವಿಶ್ವವಿದ್ಯಾಲಯದಲ್ಲಿ ಅಲ್-ಶಬಾಬ್ ದಾಳಿಗೆ 148 ಜನರ ಹತ್ಯೆಯಾದ ಮೇಲೆ ಅಲ್ಲಿನ ಸರ್ಕಾರ 13 ಹಣ ರವಾನೆ ಕಂಪನಿಗಳ ಲೈಸೆನ್ಸ್ ಅಮಾನತು ಮಾಡಿತು. ಕೀನ್ಯಾದ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಹಣದ ದಾರಿ ಮುಚ್ಚಿದರೆ ದುಡ್ಡು ನಿಲ್ಲಲ್ಲ, ಚೀಲದಲ್ಲಿ ಹೋಗುತ್ತದೆ, ಯಾರಿಗೆ ಹೋಯಿತು ಅಂತ ಆಗ ಯಾರಿಗೂ ಕಾಣಲ್ಲ. ಉಗ್ರರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

2022ರ ಡಿಸೆಂಬರ್ 9ರಂದು ಭದ್ರತಾ ಮಂಡಳಿ 2664ನೇ ನಿರ್ಣಯ ಮಾಡಿತು. ಸೊಮಾಲಿಯಾ ಒಂದಕ್ಕೇ ಅಲ್ಲ, ವಿಶ್ವಸಂಸ್ಥೆಯ ಆಸ್ತಿ ಮುಟ್ಟುಗೋಲು ನಿಯಮಗಳಿಗೆಲ್ಲ ಮಾನವೀಯ ನೆರವಿನ ವಿನಾಯಿತಿ. ನಮ್ಮಂಥವರು ಎಷ್ಟೋ ವರ್ಷಗಳಿಂದ ಬೇಡುತ್ತಿದ್ದದ್ದು. 14 ದೇಶಗಳು ಪರ, ಒಂದು ದೇಶ ಮತ ಹಾಕಲಿಲ್ಲ. ಆ ಒಂದು ಭಾರತ, ಅದೂ ಆ ತಿಂಗಳು ಮಂಡಳಿಯ ಅಧ್ಯಕ್ಷತೆ ನಮ್ಮದೇ ಇದ್ದಾಗ. ಕಚೇರಿಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿ "ಏನಿದು ನಿಮ್ಮವರದು?" ಅಂದರು.

ನಾನು ಭಾರತದ ಪರ ವಾದಿಸಿದೆ, ಅರ್ಧಕ್ಕರ್ಧ. 26/11 ಆದ ಮೇಲೆ 2008ರ ಡಿಸೆಂಬರ್‌ನಲ್ಲಿ ಜಮಾತ್-ಉದ್-ದಾವಾವನ್ನು ಲಷ್ಕರ್-ಎ-ತಯ್ಬಾದ ಇನ್ನೊಂದು ಹೆಸರು ಅಂತ ವಿಶ್ವಸಂಸ್ಥೆ ಪಟ್ಟಿಗೆ ಸೇರಿಸಿತು. ಅದೇ ಜಾಲದ ಫಲಾಹ್-ಎ-ಇನ್ಸಾನಿಯತ್ ಪಾಕಿಸ್ತಾನದ 2010ರ ಪ್ರವಾಹದಲ್ಲಿ ಪರಿಹಾರ ಹಂಚುತ್ತಾ ಓಡಾಡಿತು, ವಿಶ್ವಸಂಸ್ಥೆಯ ಪಟ್ಟಿಗೆ ಬಂದದ್ದು 2012ರಲ್ಲಿ. ಬೋರ್ಡ್ ಬದಲಿಸಿ ದಾನಶೀಲರಾಗುವ ಉಗ್ರರನ್ನು ನಾವು ಕಣ್ಣಾರೆ ಕಂಡವರು, ಹಾಗಾಗಿ ಈ ವಿನಾಯಿತಿಯನ್ನು ಉಗ್ರರು ದುರುಪಯೋಗ ಮಾಡಿಕೊಳ್ಳಬಹುದು ಅನ್ನುವ ಭಾರತದ ಆತಂಕ ಸುಳ್ಳಲ್ಲ. ಉಳಿದರ್ಧ ಒಪ್ಪಲಾಗಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಅಫ್ಘಾನಿಸ್ತಾನಕ್ಕೆ ಇಂಥದೇ ವಿನಾಯಿತಿ ಕೊಟ್ಟ 2615ನೇ ನಿರ್ಣಯಕ್ಕೆ ಭಾರತವೂ ಮತ ಹಾಕಿತ್ತು, 50,000 ಟನ್ ಗೋಧಿ ಘೋಷಿಸಿ ಅಟ್ಟಾರಿಯಿಂದ ಲಾರಿಗಳನ್ನೂ ಕಳಿಸಿತ್ತು. ತಾಲಿಬಾನ್ ಆಳುವ ದೇಶಕ್ಕೆ ಎಚ್ಚರದಿಂದ ಗೋಧಿ ಕಳಿಸಬಹುದಾದರೆ ಬೈಡೋವಾಗೂ ಕಳಿಸಬಹುದು. ಹಂಚುವವರು ಯಾರು, ನೋಡುವವರು ಯಾರು ಅನ್ನುವುದಷ್ಟೇ ಮುಖ್ಯ.

ನಿರ್ಣಯ ಆದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅಮೆರಿಕದ ಖಜಾನೆ ಇಲಾಖೆ ಅದೇ ಡಿಸೆಂಬರ್ 20ರಂದು ಆ ನಿರ್ಣಯಕ್ಕೆ ಹೊಂದುವ ಲೈಸೆನ್ಸ್‌ಗಳನ್ನು, ಅಂದರೆ ನೆರವಿನ ಕೆಲಸಕ್ಕೆ ಅನುಮತಿಗಳನ್ನು, ಹೊರಡಿಸಿತು, ಈ ಸಲ ಬೇಗ. ಆದರೆ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆ ಕ್ರಿಮಿನಲ್ ಕಾನೂನು ಬದಲಾಗಲಿಲ್ಲ. ಬ್ಯಾಂಕಿನ ಗುಮಾಸ್ತನಿಗಂತೂ 2664 ಅಂದರೆ ಬರೀ ಒಂದು ಅಂಕಿ. ಹಾಗಾಗಿ ಪ್ರತಿ ರವಾನೆಯ ಜೊತೆ ನಿರ್ಣಯದ ಪ್ರತಿ, ಲೈಸೆನ್ಸ್, ಯಾರಿಗೆ ಯಾಕೆ ಅನ್ನುವ ಒಂದು ಪುಟ, ಮೂರನ್ನೂ ಸೇರಿಸಿ ಕಳಿಸುವ ಪದ್ಧತಿ ಮಾಡಿದೆವು. ಪ್ರಶ್ನೆ ಬಂದ ಮೇಲೆ ಉತ್ತರ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ. ಅಲ್-ಖೈದಾ, ಐಸಿಸ್ ಪಟ್ಟಿಗೆ ಆ ವಿನಾಯಿತಿ ಎರಡೇ ವರ್ಷಕ್ಕಿತ್ತು. 2024ರ ಡಿಸೆಂಬರ್‌ನಲ್ಲಿ 2761ನೇ ನಿರ್ಣಯ ಅವಧಿಯ ಮಿತಿ ತೆಗೆದುಹಾಕಿತು.

ಅಲ್ಲಿಗೆ ಕಾನೂನು ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ದುಡ್ಡೇ ಹೋಯಿತು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿಯಿತು, ಜುಲೈ 1ರ ಹೊತ್ತಿಗೆ ಅದರ ನೆರವಿನ ಸಂಸ್ಥೆ ಯುಎಸ್‌ಎಐಡಿ ಮುಚ್ಚಿತು. ಎಲ್ಲರೂ ದುಡ್ಡಿನ ಬಗ್ಗೆ ಮಾತಾಡಿದರು. ನನ್ನ ಮೇಜಿನಿಂದ ಕಂಡ ನಷ್ಟ ಇನ್ನೊಂದು. ಬೈಡೋವಾ ರಸ್ತೆಯ ಚೆಕ್‌ಪೋಸ್ಟ್ ಎಲ್ಲೆಲ್ಲಿದೆ, ಯಾವ ಪ್ರಶ್ನೆಗೆ ಯಾವ ವಕೀಲರನ್ನು ಕೇಳಬೇಕು ಅಂತ ಗೊತ್ತಿದ್ದ ಅಧಿಕಾರಿಗಳೇ ಮನೆಗೆ ಹೋದರು. ಕಾನೂನು ಹಾಗೇ ಇದೆ, ವಿನಾಯಿತಿಯೂ ಇದೆ, ಇದರ ಅರ್ಥ ಇದು ಅಂತ ಹೇಳುವವರು ಕುರ್ಚಿಯಲ್ಲಿಲ್ಲ. ನಾವೀಗ ಆ ಒಂದು ಪುಟದ ಪತ್ರವನ್ನು ಮಾದರಿ ಇಟ್ಟುಕೊಂಡು ಬೇರೆ ದಾನಿ ದೇಶಗಳ ಕಚೇರಿಗಳಿಗೆ ಹೊಸದಾಗಿ ಬರೆಯುತ್ತಿದ್ದೇವೆ. ಎರಡು ಕಡೆಯಿಂದ ಇಂಥದೇ ಪತ್ರ ಕೊಡುವ ಮಾತು ಬಂದಿದೆ, ಒಂದು ಕಡೆ ವಕೀಲರ ಹತ್ತಿರ ಇದೆಯಂತೆ.